ತಟ್ಟೆಯ ಬೆನ್ನಿನ ಬರಹ: ಹ್ಯಾನೋವರ್ ಅರಸುಮನೆಯ ಬೆಳ್ಳಿ



1689ರ ಕೊನೆಯಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ತನ್ನ ವರ್ಸೇಲ್ಸ್ ಅರಮನೆಯ ಬೆಳ್ಳಿ ಪೀಠೋಪಕರಣಗಳನ್ನೆಲ್ಲ ಟಂಕಸಾಲೆಗೆ ಕಳಿಸಿದ. ಮೇಜುಗಳು, ದೀಪಸ್ತಂಭಗಳು, ಆಳೆತ್ತರದ ಹೂದಾನಿಗಳು, ಕಿತ್ತಳೆ ಗಿಡಗಳನ್ನು ನೆಡುತ್ತಿದ್ದ ಬೆಳ್ಳಿಯ ತೊಟ್ಟಿಗಳು, ಎಲ್ಲ ಸೇರಿ ಸುಮಾರು 20 ಟನ್. ಅರಮನೆಯ ಚಿತ್ರಕಾರ ಲೆ ಬ್ರುನ್ ಬರೆದುಕೊಟ್ಟ ವಿನ್ಯಾಸಗಳ ಮೇಲೆ ದೇಶದ ಅತ್ಯುತ್ತಮ ಅಕ್ಕಸಾಲಿಗಳು ವರ್ಷಗಟ್ಟಲೆ ಕೂತು ಮಾಡಿದ ಕೆಲಸ ಅದು. ಯುದ್ಧಕ್ಕೆ ಹಣ ಬೇಕಾಗಿತ್ತು. ಮಾಡಿಸುವಾಗ ಸುಮಾರು 1 ಕೋಟಿ ಲಿವ್ರ್ ಖರ್ಚಾಗಿತ್ತು. ಕರಗಿಸಿದಾಗ ಕೈಗೆ ಬಂದದ್ದು 20 ಲಕ್ಷದ ಆಸುಪಾಸು. ಬೆಳ್ಳಿಗೆ ಬೆಳ್ಳಿಯ ಬೆಲೆ ಸಿಕ್ಕಿತು. ಕುಸುರಿಗೆ ಏನೂ ಸಿಗಲಿಲ್ಲ.

ನಮ್ಮ ಮನೆಗಳಲ್ಲೂ ಇದು ನಡೆದೇ ಇದೆ. ಮಗಳ ಮದುವೆಗೆಂದು ಅಜ್ಜಿಯ ಕಾಲದ ಪಂಚಪಾತ್ರೆ, ಕುಂಕುಮದ ಭರಣಿ, ಹಳೆಯ ಕಾಲುಗೆಜ್ಜೆಗಳನ್ನು ಗಂಟು ಕಟ್ಟಿ ಚಿನಿವಾರರ ಅಂಗಡಿಗೆ ಒಯ್ಯುತ್ತೇವೆ. ಅವರು ತಕ್ಕಡಿಗೆ ಹಾಕುತ್ತಾರೆ, ಸವಕಳಿ ಕಳೆಯುತ್ತಾರೆ, ಹೊಸದರ ಮಜೂರಿ ಕೂಡಿಸುತ್ತಾರೆ. ಹಳೆಯ ಭರಣಿಯ ಮೇಲೆ ಯಾರೋ ಕೆತ್ತಿದ್ದ ಬಳ್ಳಿಯ ಲೆಕ್ಕ ಆ ಚೀಟಿಯಲ್ಲಿ ಎಲ್ಲೂ ಬರುವುದಿಲ್ಲ.

ಬೆಳ್ಳಿಯ ಪಾತ್ರೆ ಮಾಡಿಸುವವನಿಗೆ ಅದು ಹಣವೇ. ಬೇಕಾದಾಗ ಕರಗಿಸಬಹುದಾದ ಹಣ. ಹಾಗಾಗಿ ಅರಸುಮನೆಗಳ ಬೆಳ್ಳಿ ಕಣ್ಮರೆಯಾದರೆ ಅದರಲ್ಲಿ ಬೆರಗುಪಡುವಂಥದ್ದು ಏನೂ ಇಲ್ಲ. ಉಳಿದ ಬೆಳ್ಳಿಯೇ ನಮ್ಮಿಂದ ವಿವರಣೆ ಕೇಳುತ್ತದೆ. ಯಾವುದೋ ಒಂದು ಮನೆತನದ ಬೆಳ್ಳಿ ಇನ್ನೂರು ಮುನ್ನೂರು ವರ್ಷ ಕುಲುಮೆಗೆ ಬೀಳದೆ ಉಳಿದಿದ್ದರೆ, ಆ ಮನೆತನದಲ್ಲಿ ಯಾರೋ, ಯಾವುದೋ ಕಷ್ಟದ ಗಳಿಗೆಯಲ್ಲಿ, ಇದನ್ನು ಕರಗಿಸಕೂಡದು ಎಂದು ತೀರ್ಮಾನಿಸಿರಬೇಕು. ಆ ತೀರ್ಮಾನಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಕುಟುಂಬದ ಚರಿತ್ರೆಯೇ ಕಾಣುತ್ತದೆ. ಅಂಥ ಒಂದು ಮನೆತನವನ್ನು ಇವತ್ತು ನಿಮ್ಮ ಮುಂದಿಡುತ್ತೇನೆ: ಉತ್ತರ ಜರ್ಮನಿಯ ಹ್ಯಾನೋವರ್ ಅರಸರು, ವೆಲ್ಫ್ ಎಂಬ ಕುಲನಾಮದವರು. 1714ರಿಂದ 1837ರವರೆಗೆ ಇವರೇ ಬ್ರಿಟನ್ನಿನ ರಾಜರೂ ಆಗಿದ್ದರು. ನಾಲ್ವರು ಜಾರ್ಜರು ಮತ್ತು ಒಬ್ಬ ವಿಲಿಯಂ. ಇವರಲ್ಲಿ ಮೂರನೆಯ ಜಾರ್ಜನಿಗೂ ನಮ್ಮ ಶ್ರೀರಂಗಪಟ್ಟಣಕ್ಕೂ ಇರುವ ನಂಟನ್ನು ಮುಂದೆ ಹೇಳುತ್ತೇನೆ.

ಮೊದಲು ಬೆಳ್ಳಿ ಎಲ್ಲಿಂದ ಬಂತು ಎಂಬುದು. ಅನೇಕ ಅರಸರು ಬೆಳ್ಳಿಯನ್ನು ಕೊಂಡರು, ಗೆದ್ದರು, ಇಲ್ಲವೇ ಸಾಲ ತಂದರು. ವೆಲ್ಫರಿಗೆ ಅದು ಮನೆಯ ಹಿತ್ತಿಲಲ್ಲೇ ಇತ್ತು. ಹಾರ್ಟ್ಸ್ ಎಂಬ ಬೆಟ್ಟಸೀಮೆಯ ಕ್ಲೌಸ್ಟಾಲ್, ಜೆಲ್ಲರ್‌ಫೆಲ್ಡ್, ಆಂಡ್ರಿಯಾಸ್‌ಬರ್ಗ್ ಊರುಗಳ ಗಣಿಗಳಿಂದ ಬೆಳ್ಳಿ ಬರುತ್ತಿತ್ತು. ಆ ಗಣಿಗಳಿಗೆ ದೊಡ್ಡ ಶತ್ರು ನೀರು. ಆಳಕ್ಕೆ ಇಳಿದಷ್ಟೂ ನೀರು ತುಂಬುತ್ತಿತ್ತು. ಅದನ್ನು ಮೇಲೆತ್ತಲು ಬೇಕಾದ ಶಕ್ತಿಯನ್ನು ನೀರಿನಿಂದಲೇ ಪಡೆದರು. ಬೆಟ್ಟದ ಮೇಲೆ ಕೆರೆಗಳನ್ನು ಕಟ್ಟಿ, ಕಾಲುವೆಗಳಲ್ಲಿ ನೀರು ಹರಿಸಿ, ಚಕ್ರ ತಿರುಗಿಸಿ, ಗಣಿಯ ನೀರನ್ನು ಹೊರಹಾಕುವ ಆ ಏರ್ಪಾಡಿನ ಬಹುಭಾಗ ಇಂದಿಗೂ ಉಳಿದಿದೆ. 2010ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅರಮನೆಯ ಊಟದ ಮೇಜಿನ ಮೇಲೆ ಹೊಳೆಯುವ ಪ್ರತಿ ತಟ್ಟೆಯ ಹಿಂದೆ ಕತ್ತಲಲ್ಲಿ ಏಣಿ ಹಿಡಿದು ನೂರಾರು ಅಡಿ ಇಳಿದು, ದಿನದ ಕೆಲಸ ಮುಗಿಸಿ ಅದೇ ಏಣಿಯಲ್ಲಿ ಹತ್ತಿ ಬರುತ್ತಿದ್ದವರಿದ್ದಾರೆ. ಅವರ ಹೆಸರುಗಳನ್ನು ಯಾವ ತಟ್ಟೆಯೂ ಹೊತ್ತಿಲ್ಲ. ಕೋಲಾರದ ಗಣಿಗೆ ಇಳಿದ ತಲೆಮಾರುಗಳನ್ನು ಕಂಡ ನಾಡಿನವರು ನಾವು. ಬೆಳ್ಳಿಯ ಅಂದವನ್ನು ಹೊಗಳುವ ಮೊದಲು ಇವರನ್ನು ನೆನೆಯುವುದು ನ್ಯಾಯ.

ಇದೇ ವೆಲ್ಫ್ ಕುಲದ ವುಲ್ಫೆನ್‌ಬ್ಯೂಟೆಲ್ ಕವಲಿನ ಜೂಲಿಯಸ್ ಎಂಬ ಡ್ಯೂಕ್ 1574ರಿಂದ ಒಂದು ಅಪರೂಪದ ಪದ್ಧತಿ ನಡೆಸಿದ. ಅಂಗೈ ಅಗಲದ ಭಾರೀ ಬೆಳ್ಳಿ ನಾಣ್ಯಗಳನ್ನು ಟಂಕಿಸಿದ. ಒಂದೊಂದೂ ಹಲವು ಥಾಲರ್‌ಗಳ, ಅಂದರೆ ಆಗಿನ ಸಾಮಾನ್ಯ ಬೆಳ್ಳಿ ನಾಣ್ಯಗಳ, ತೂಕ, ಕೆಲವು ಹತ್ತು ಥಾಲರ್‌ಗಳದ್ದು. ಪ್ರಜೆಗಳು ತಂತಮ್ಮ ಆಸ್ತಿಗೆ ತಕ್ಕಂತೆ ಅದನ್ನು ಕೊಂಡು ಮನೆಯಲ್ಲಿ ಇಟ್ಟುಕೊಳ್ಳಬೇಕು, ಮಾರಬಾರದು, ಕೇಳಿದಾಗ ತೋರಿಸಬೇಕು. ಯುದ್ಧ ಬಂದರೆ ಅರಸು ಅದನ್ನು ಹಿಂದಕ್ಕೆ ಪಡೆಯುತ್ತಾನೆ. ಪ್ರಜೆಯ ಪೆಟ್ಟಿಗೆಯನ್ನೇ ಅರಸ ತನ್ನ ಖಜಾನೆಯ ಒಂದು ಕೋಣೆಯಾಗಿ ಮಾಡಿಕೊಂಡಿದ್ದ. ನಾಣ್ಯವಾಗಿಯೂ ಚಲಾವಣೆಯಾಗದ, ಒಡವೆಯಾಗಿಯೂ ತೊಡಲಾಗದ ಆ ಬೆಳ್ಳಿಯಲ್ಲಿ ಈ ಮನೆತನದ ಮನಸ್ಸು ಮೊದಲ ಬಾರಿಗೆ ಸ್ಪಷ್ಟವಾಗಿ ಕಾಣುತ್ತದೆ. ಕೂಡಿಡು, ಗುರುತು ಹಾಕು, ಲೆಕ್ಕ ಇಡು: ಮುಂದೆ ಅವರ ಊಟದ ಬೆಳ್ಳಿಯ ವಿಷಯದಲ್ಲೂ ನಡೆದದ್ದು ಇದೇ.

ಗಣಿಯ ನೀರು ಮತ್ತು ಕುಟುಂಬದ ಚರಿತ್ರೆ, ಈ ಎರಡನ್ನೂ ಒಬ್ಬನೇ ಮನುಷ್ಯನ ತಲೆಗೆ ಕಟ್ಟಿದ ಮನೆತನ ಇದು. ಆತ ಗಾಟ್‌ಫ್ರೀಡ್ ಲೈಬ್ನಿಟ್ಸ್, ಕಲನಶಾಸ್ತ್ರವನ್ನು ರೂಪಿಸಿದ ಗಣಿತಜ್ಞ, ದಾರ್ಶನಿಕ. 1676ರಲ್ಲಿ ಹ್ಯಾನೋವರಿಗೆ ಬಂದು ಸಾಯುವವರೆಗೂ ಈ ಮನೆತನದ ನೌಕರನಾಗಿದ್ದ. 1679ರಿಂದ ಕೆಲವು ವರ್ಷ ಹಾರ್ಟ್ಸ್ ಗಣಿಗಳ ನೀರನ್ನು ಗಾಳಿಗಿರಣಿಗಳಿಂದ ಎತ್ತುವ ಯಂತ್ರಗಳನ್ನು ಮಾಡಿ ನೋಡಿದ. ಗಣಿ ಅಧಿಕಾರಿಗಳಿಗೆ ಆ ಯೋಜನೆ ಹಿಡಿಸಲಿಲ್ಲ, ಗಾಳಿಯೂ ಒಲಿಯಲಿಲ್ಲ. 1685ರಲ್ಲಿ ಅದು ನಿಂತಿತು. ಅದೇ ವರ್ಷ ಡ್ಯೂಕ್ ಅರ್ನ್‌ಸ್ಟ್ ಆಗಸ್ಟ್ ಅವನಿಗೆ ಹೊಸ ಕೆಲಸ ಒಪ್ಪಿಸಿದ: ನಮ್ಮ ಕುಲದ ಚರಿತ್ರೆ ಬರೆ. ಲೈಬ್ನಿಟ್ಸ್ 1687ರಿಂದ 1690ರವರೆಗೆ ದಕ್ಷಿಣ ಜರ್ಮನಿ, ಆಸ್ಟ್ರಿಯ, ಇಟಲಿಗಳ ಮಠಗಳನ್ನೂ ಪತ್ರಾಗಾರಗಳನ್ನೂ ಜಾಲಾಡಿದ. ಇಟಲಿಯ ಎಸ್ಟೆ ಮನೆತನಕ್ಕೂ ವೆಲ್ಫರಿಗೂ ರಕ್ತಸಂಬಂಧ ಉಂಟು ಎಂಬುದಕ್ಕೆ ವಾಂಗಾಡಿಟ್ಸ ಮಠದ ಸಮಾಧಿ ಬರಹಗಳಲ್ಲಿ ಆಧಾರ ಹಿಡಿದು ತಂದ. ಜರ್ಮನ್ ಚಕ್ರವರ್ತಿಯನ್ನು ಆರಿಸುವ ಅಧಿಕಾರವುಳ್ಳ ಕೆಲವೇ ಅರಸರ ಸಾಲಿಗೆ ಸೇರಲು ಹ್ಯಾನೋವರ್ ಹವಣಿಸುತ್ತಿದ್ದ ಕಾಲ ಅದು. ಹಳೆಯ ಕುಲ ಎನ್ನುವುದಕ್ಕೆ ರಾಜಕೀಯ ಬೆಲೆ ಇತ್ತು. 1692ರಲ್ಲಿ ಆ ಪದವಿ ಬಂತು. ಚರಿತ್ರೆ ಮಾತ್ರ ಮುಗಿಯಲಿಲ್ಲ. 1716ರಲ್ಲಿ ಲೈಬ್ನಿಟ್ಸ್ ತೀರಿಕೊಂಡಾಗ ಅವನ ಬರಹ 1005ನೆಯ ಇಸವಿಯವರೆಗೆ ಬಂದು ನಿಂತಿತ್ತು.

ಆ ಮೇಧಾವಿಗೆ ವಹಿಸಿದ ಚರಿತ್ರೆ ಅಪೂರ್ಣವಾಯಿತು. ಆದರೆ ಕುಟುಂಬದ ಇನ್ನೊಂದು ಚರಿತ್ರೆಯನ್ನು ಬೆಳ್ಳಿಯ ಉಗ್ರಾಣದ ಗುಮಾಸ್ತರು ದಿನವೂ ಬರೆಯುತ್ತಿದ್ದರು. ಅರಮನೆಯ ಬೆಳ್ಳಿಗೆಂದೇ ಒಂದು ಕಚೇರಿ ಇರುತ್ತಿತ್ತು. ಊಟಕ್ಕೆ ಮುಂಚೆ ಎಣಿಸಿ ಕೊಡುವುದು, ಊಟವಾದ ಮೇಲೆ ಎಣಿಸಿ ಒಳಗಿಡುವುದು. ಪ್ರತಿ ಪಾತ್ರೆಯ ಅಡಿಯಲ್ಲಿ ಅಕ್ಕಸಾಲಿಯ ಮುದ್ರೆ, ಊರಿನ ಮುದ್ರೆ. ಜೊತೆಗೆ ದಾಸ್ತಾನಿನ ಸಂಖ್ಯೆ ಮತ್ತು ತೂಕ. ತೂಕವನ್ನು ಮಾರ್ಕ್ ಮತ್ತು ಲೋಟ್ ಲೆಕ್ಕದಲ್ಲಿ ಕೊರೆಯುತ್ತಿದ್ದರು. ಒಂದು ಮಾರ್ಕ್ ಎಂದರೆ ಸುಮಾರು 234 ಗ್ರಾಂ. ಹದಿನಾರು ಲೋಟ್‌ಗೆ ಒಂದು ಮಾರ್ಕ್. ಬೆಳ್ಳಿಯ ಅಪ್ಪಟತನವನ್ನೂ ಲೋಟ್‌ನಲ್ಲೇ ಹೇಳುತ್ತಿದ್ದರು. ಹನ್ನೆರಡು ಲೋಟ್‌ನ ಬೆಳ್ಳಿ ಎಂದರೆ ನೂರಕ್ಕೆ 75 ಪಾಲು ಶುದ್ಧ ಬೆಳ್ಳಿ. ಆಗ್ಸ್‌ಬರ್ಗ್ ನಗರದ ಹದಿಮೂರು ಲೋಟ್‌ನ ಬೆಳ್ಳಿಗೆ ಪೈನ್ ಕಾಯಿಯ ಮುದ್ರೆ ಬೀಳುತ್ತಿತ್ತು. ತೂಕ ಕೊರೆದಿಡುವುದರಿಂದ ಎರಡು ಕೆಲಸವಾಗುತ್ತಿತ್ತು. ಯಾರಾದರೂ ಅಂಚು ಹೆರೆದು ಕದ್ದರೆ ತಕ್ಕಡಿ ಹಿಡಿದುಕೊಡುತ್ತಿತ್ತು. ಯುದ್ಧ ಬಂದ ದಿನ, ಇಡೀ ಊಟದ ಮನೆ ಎಷ್ಟು ಥಾಲರ್ ಆಗುತ್ತದೆಂದು ತೂಗದೆಯೇ ಹೇಳಬಹುದಿತ್ತು. ಮುಖದಲ್ಲಿ ಅಪ್ಸರೆಯರೂ ದ್ರಾಕ್ಷಿ ಬಳ್ಳಿಗಳೂ ಇರುವ ತಟ್ಟೆ ತನ್ನ ಬೆನ್ನಿನ ಮೇಲೆ ತನ್ನದೇ ಸಾವಿನ ಲೆಕ್ಕವನ್ನು ಹೊತ್ತುಕೊಂಡಿತ್ತು.

ಅರ್ನ್‌ಸ್ಟ್ ಆಗಸ್ಟ್‌ನ ಹೆಂಡತಿ ಸೋಫಿಯಾ ಇಂಗ್ಲೆಂಡಿನ ದೊರೆ ಮೊದಲನೆಯ ಜೇಮ್ಸನ ಮೊಮ್ಮಗಳು. ಪ್ರಾಟೆಸ್ಟೆಂಟರೇ ಪಟ್ಟಕ್ಕೆ ಬರಬೇಕೆಂದು 1701ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟ್ ಕಾಯಿದೆ ಮಾಡಿ, ಉತ್ತರಾಧಿಕಾರವನ್ನು ಸೋಫಿಯಾಳಿಗೆ ಕೊಟ್ಟಿತು. ಆಕೆ 1714ರ ಜೂನ್‌ನಲ್ಲಿ ತೀರಿಕೊಂಡಳು. ಆಗಸ್ಟ್ 1ರಂದು ರಾಣಿ ಆನ್ ತೀರಿಕೊಂಡಳು. ಎರಡು ತಿಂಗಳೂ ಆಗದ ಅಂತರದಲ್ಲಿ ಕಿರೀಟ ತಾಯಿಯನ್ನು ದಾಟಿ ಮಗನಿಗೆ ಹೋಯಿತು. ಆ ಮಗ ಮೊದಲನೆಯ ಜಾರ್ಜ್. ಅವನ ಹೆಂಡತಿ ಸೋಫಿಯಾ ಡೊರೊಥಿಯಾ ಅಷ್ಟರಲ್ಲಿ ಇಪ್ಪತ್ತು ವರ್ಷಗಳಿಂದ ಆಲ್ಡನ್ ಎಂಬಲ್ಲಿ ಬಂಧನದಲ್ಲಿದ್ದಳು. ಕೋನಿಗ್ಸ್‌ಮಾರ್ಕ್ ಎಂಬ ಸರದಾರನನ್ನು ಪ್ರೀತಿಸಿದಳೆಂಬ ಕಾರಣಕ್ಕೆ 1694ರಲ್ಲಿ ಮದುವೆ ಮುರಿದು ಅವಳನ್ನು ಕೂಡಿಹಾಕಿದರು. ಅವನು ಒಂದು ರಾತ್ರಿ ಅರಮನೆಯಲ್ಲಿ ಕಾಣೆಯಾದವನು ಮತ್ತೆ ಸಿಗಲಿಲ್ಲ. ಆಕೆ 1726ರಲ್ಲಿ ಆಲ್ಡನ್‌ನಲ್ಲೇ ಸತ್ತಳು. ಇವಳ ಮಗ ಎರಡನೆಯ ಜಾರ್ಜ್ ಇಂಗ್ಲೆಂಡಿನ ದೊರೆಯಾದ. ಇವಳ ಮಗಳು ಬರ್ಲಿನ್ನಿಗೆ ಸೊಸೆಯಾಗಿ ಹೋಗಿ ಪ್ರಷ್ಯದ ಫ್ರೆಡರಿಕ್ ಮಹಾಶಯನ ತಾಯಿಯಾದಳು. ಬೆಳ್ಳಿಯ ಚರಿತ್ರೆಯಲ್ಲಿ ಈ ಅಣ್ಣತಂಗಿಯರ ಎರಡು ಮನೆಗಳನ್ನು ಅಕ್ಕಪಕ್ಕ ಇಟ್ಟು ನೋಡಲೇಬೇಕು.

ಬರ್ಲಿನ್ನಿನ ಫ್ರೆಡರಿಕ್ ವಿಲಿಯಂ, ಎರಡನೆಯ ಜಾರ್ಜನಿಗೆ ಸೋದರಸಂಬಂಧಿಯೂ ಹೌದು, ತಂಗಿಯ ಗಂಡನೂ ಹೌದು. ಇಬ್ಬರಿಗೂ ಚಿಕ್ಕಂದಿನಿಂದಲೇ ಆಗುತ್ತಿರಲಿಲ್ಲ. ತನ್ನ ಊಟ ಉಡುಪುಗಳಲ್ಲಿ ಕಟ್ಟುನಿಟ್ಟಾಗಿದ್ದ ಫ್ರೆಡರಿಕ್ ವಿಲಿಯಂ ಬೆಳ್ಳಿಯನ್ನು ಮಾತ್ರ ರಾಶಿ ರಾಶಿ ಮಾಡಿಸಿದ. ತೂಗುದೀಪಗಳು, ಮೇಜುಗಳು, ಕೊನೆಗೆ ಕಹಳೆ ಊದುವವರು ನಿಲ್ಲಲು ಒಂದು ಬೆಳ್ಳಿಯ ಉಪ್ಪರಿಗೆ. ಅವನ ಬುದ್ಧಿ ಇಷ್ಟೇ: ಚಿನ್ನಬೆಳ್ಳಿಯನ್ನು ಪೆಟ್ಟಿಗೆಯಲ್ಲಿಟ್ಟರೆ ಖಜಾನೆ, ಗೋಡೆಗೆ ತೂಗುಹಾಕಿದರೆ ಖಜಾನೆಯೂ ವೈಭವವೂ. ಮಗ ಫ್ರೆಡರಿಕ್ ಪಟ್ಟಕ್ಕೆ ಬಂದು 1744–45ರ ಎರಡನೆಯ ಸಿಲೇಸಿಯಾ ಯುದ್ಧಕ್ಕೆ ಹಣ ಸಾಲದಾದಾಗ ತಂದೆಯ ಬೆಳ್ಳಿಯನ್ನು ಟಂಕಸಾಲೆಗೆ ಹೊರಿಸಿದ. ಬೆಳ್ಳಿಯ ಉಪ್ಪರಿಗೆ ಹೋದ ಜಾಗಕ್ಕೆ ಬೆಳ್ಳಿ ಬಣ್ಣ ಬಳಿದ ಮರದ ಉಪ್ಪರಿಗೆ ಬಂತು. ಅಜ್ಜನ ಕಾಲದಲ್ಲಿ ಆಗ್ಸ್‌ಬರ್ಗಿನ ಬಿಲ್ಲರ್ ಕುಟುಂಬದವರು ಮಾಡಿದ್ದ ದೊಡ್ಡ ಬೆಳ್ಳಿಯ ಸಾಲು ಮಾತ್ರ ಉಳಿಯಿತು. ಅದು ಈಗ ಬರ್ಲಿನ್ನಿನ ಕೋಪೆನಿಕ್ ಅರಮನೆಯಲ್ಲಿದೆ.

ಅದೇ ದಶಕಗಳಲ್ಲಿ ಫ್ರೆಡರಿಕನ ಸೋದರಮಾವ ಎರಡನೆಯ ಜಾರ್ಜ್ ಹ್ಯಾನೋವರಿನಲ್ಲಿ ಬೆಳ್ಳಿ ಮಾಡಿಸುತ್ತಿದ್ದ. ಇಂಗ್ಲೆಂಡಿನ ದೊರೆಯಾದರೂ ಹುಟ್ಟೂರಿನ ಸೆಳೆತ ಅವನಿಗೆ ಹೋಗಲಿಲ್ಲ. ಆಳ್ವಿಕೆಯ ಅವಧಿಯಲ್ಲಿ ಹನ್ನೆರಡು ಬಾರಿ ಹ್ಯಾನೋವರಿಗೆ ಹೋಗಿದ್ದ. 1736ರ ಸುಮಾರಿಗೆ ಅಲ್ಲಿನ ಲೈನೆ ಅರಮನೆಗೆಂದು ಐದು ಬೆಳ್ಳಿಯ ತೂಗುದೀಪಗಳನ್ನು ಮಾಡಿಸಿದ. ವಿನ್ಯಾಸ ಲಂಡನ್ನಿನ ವಿಲಿಯಂ ಕೆಂಟ್‌ನದು, ಕೈಕೆಲಸ ಹ್ಯಾನೋವರಿನ ಅರಮನೆಯ ಅಕ್ಕಸಾಲಿ ಬಾಲ್ಟಸಾರ್ ಫ್ರೀಡ್ರಿಕ್ ಬೆರೆನ್ಸ್‌ನದು. ಎರಡು ದೇಶಗಳಲ್ಲಿ ಹಂಚಿಹೋಗಿದ್ದ ದೊರೆಯ ಬದುಕು ಆ ದೀಪಗಳಲ್ಲಿ ಒಂದಾಗಿ ಕೂತಿದೆ. ಬಡಿದು ಉಬ್ಬಿಸಿದ ಕಾಂಡ, ಎರಕ ಹೊಯ್ದ ಬಾಗಿದ ಕೊಂಬೆಗಳು, ಕಿರೀಟ, ಹ್ಯಾನೋವರಿನ ಲಾಂಛನವಾದ ನೆಗೆಯುವ ಕುದುರೆ. ವಿದ್ಯುತ್ತಿನ ಬೆಳಕಿನಲ್ಲಿ ಇವುಗಳ ಫೋಟೊ ನೋಡುವ ನಮಗೆ ಒಂದು ಸಂಗತಿ ಮರೆತುಹೋಗುತ್ತದೆ. ಮೇಣದ ಬತ್ತಿಯ ಬೆಳಕು ಕಡಿಮೆ. ನಯವಾಗಿ ಉಜ್ಜಿದ ಬೆಳ್ಳಿ ಆ ಬೆಳಕನ್ನು ಹಿಡಿದು ನೂರು ಕಡೆ ಹಿಂದಿರುಗಿಸುತ್ತದೆ. ಗಂಧಕದ ಸೋಂಕಿಗೆ ಬೆಳ್ಳಿ ಬೇಗ ಕಪ್ಪಾಗುವುದರಿಂದ ಉಜ್ಜುವ ಕೈಗಳು ಸದಾ ಇರಬೇಕಾಗಿತ್ತು. ಹೊಳೆಯುವ ಬೆಳ್ಳಿ ಎಂದರೆ ಆಳುಕಾಳು ತುಂಬಿದ ಮನೆ ಎಂದು ಬಂದ ಅತಿಥಿಗೆ ಹೇಳದೆಯೇ ತಿಳಿಯುತ್ತಿತ್ತು.

ಸೋದರಳಿಯ ಕರಗಿಸಿದ, ಸೋದರಮಾವ ಕರಗಿಸಲಿಲ್ಲ. ಇದಕ್ಕೆ ಗುಣಸ್ವಭಾವದ ಕಾರಣ ಹುಡುಕುವವರಿದ್ದಾರೆ. ನನಗೆ ಕಾಣುವುದು ಬೇರೆ. ಹ್ಯಾನೋವರಿನ ಬೆನ್ನಿಗೆ ಬ್ರಿಟನ್ನಿನ ಬೊಕ್ಕಸವಿತ್ತು. ಏಳು ವರ್ಷಗಳ ಯುದ್ಧದಲ್ಲಿ ಜರ್ಮನ್ ನೆಲದ ಸೈನ್ಯಗಳಿಗೆ ಲಂಡನ್ನಿನ ಹಣ ಹರಿಯಿತು; ಜೊತೆಗೆ ಹಾರ್ಟ್ಸ್ ಗಣಿಗಳು ಹೊಸ ಬೆಳ್ಳಿ ಕೊಡುತ್ತಲೇ ಇದ್ದವು. ಹ್ಯಾನೋವರಿನ ತಟ್ಟೆಗಳು ಉಳಿದದ್ದರಲ್ಲಿ ಬ್ರಿಟನ್ನಿನ ತೆರಿಗೆದಾರನ ಪಾಲಿದೆ. ಆ ಬೊಕ್ಕಸದ ಒಂದು ಬಾಗಿಲು ಆಗಲೇ ಭಾರತದ ಕಡೆಗೂ ತೆರೆದಿತ್ತು.

ಮೂರನೆಯ ಜಾರ್ಜ್ ಹ್ಯಾನೋವರಿಗೆ ಒಮ್ಮೆಯೂ ಹೋಗಲಿಲ್ಲ. ಆದರೂ ಆ ಅರಮನೆಗೆಂದು ಪ್ಯಾರಿಸ್ಸಿನ ರೊಬೇರ್ ಜೋಸೆಫ್ ಓಗುಸ್ಟ್ ಎಂಬ ಶ್ರೇಷ್ಠ ಅಕ್ಕಸಾಲಿಯ ಕೈಯಲ್ಲಿ 1776ರಿಂದ ಹತ್ತು ವರ್ಷಗಳ ಅವಧಿಯಲ್ಲಿ ಒಂದು ಪೂರ್ತಿ ಊಟದ ಬೆಳ್ಳಿ ಮಾಡಿಸಿದ. ಸಾರು ಬಡಿಸುವ ಮುಚ್ಚಳದ ದೊಡ್ಡ ಪಾತ್ರೆಗಳು, ಹರಿವಾಣಗಳು, ಮೇಣಬತ್ತಿಯ ಕಂಬಗಳು. ಗ್ರೀಕ್ ಶೈಲಿಯ ಬಿಗಿಯಾದ ಗೆರೆಗಳು, ಪಟ್ಟಿ ಕಟ್ಟಿದ ಎಲೆಸಾಲುಗಳು. ಸಾಲದ್ದನ್ನು ಅದೇ ಮಾದರಿಯಲ್ಲಿ ಹ್ಯಾನೋವರಿನ ಫ್ರಾನ್ಸ್ ಪೀಟರ್ ಬುನ್‌ಸೆನ್ ಮಾಡಿಕೊಟ್ಟ. ಗಮನಿಸಿ, ಫ್ರಾನ್ಸ್ ಅಮೆರಿಕದ ಯುದ್ಧದಲ್ಲಿ ಇದೇ ಜಾರ್ಜನ ವಿರುದ್ಧ ಕಾದಾಡಿದ್ದು ಈ ಹತ್ತು ವರ್ಷಗಳ ನಡುವೆಯೇ. ತಾನು ಎಂದೂ ಉಣ್ಣದ ಮೇಜಿಗೆ, ಶತ್ರುದೇಶದ ಅಕ್ಕಸಾಲಿಯಿಂದ, ಇಷ್ಟು ದೊಡ್ಡ ಬೆಳ್ಳಿಯನ್ನು ಒಬ್ಬ ದೊರೆ ಯಾಕೆ ಮಾಡಿಸುತ್ತಾನೆ? ಅವನು ಅಲ್ಲಿ ಇಲ್ಲದಿರುವುದೇ ಕಾರಣ ಎನ್ನಿಸುತ್ತದೆ. ದೊರೆಯ ಬದಲಿಗೆ ಅವನ ಬೆಳ್ಳಿ ಅಲ್ಲಿ ಕೂತಿತ್ತು.

ಶ್ರೀರಂಗಪಟ್ಟಣದ ನಂಟು ಬರುವುದು ಇಲ್ಲಿ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸುಲ್ತಾನ್ ಮಡಿದ. ಅವನ ಸಿಂಹಾಸನಕ್ಕೆ ಚಿನ್ನದ ತಗಡು ಹೊದಿಸಿತ್ತು. ಕೊಳ್ಳೆ ಹಂಚುವ ಸೈನ್ಯದ ಅಧಿಕಾರಿಗಳು ಅದನ್ನು ಕತ್ತರಿಸಿ ತುಂಡು ತುಂಡು ಮಾಡಿದರು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅದನ್ನು ಇಡಿಯಾಗಿ ಇಂಗ್ಲೆಂಡಿಗೆ ಕಳಿಸುವ ಆಸೆಯಿತ್ತು, ತಡವಾಯಿತು. ಸಿಂಹಾಸನದ ಮೇಲಿದ್ದ ರತ್ನಖಚಿತ ಹುಮಾ ಹಕ್ಕಿ ಈಸ್ಟ್ ಇಂಡಿಯಾ ಕಂಪನಿಯ ಮೂಲಕ ಮೂರನೆಯ ಜಾರ್ಜನಿಗೆ ಸಂದಿತು; ಅವನು ಅದನ್ನು ರಾಣಿ ಷಾರ್ಲೆಟ್‌ಗೆ ಕೊಟ್ಟ. ಪೀಠದ ಹುಲಿಯ ತಲೆ 1831ರಲ್ಲಿ ಅವನ ಮಗ ನಾಲ್ಕನೆಯ ವಿಲಿಯಂಗೆ ಹೋಯಿತು. ಎರಡೂ ಇವತ್ತು ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿವೆ. ಅರಸನ ಪೀಠವಾಗಿದ್ದದ್ದು ಒಂದೇ ದಿನದಲ್ಲಿ ತೂಕದ ಲೋಹವಾಗುವುದು ಹೇಗೆಂದು ಕನ್ನಡ ನೆಲ ಆ ವರ್ಷ ಕಂಡಿತು.

ಆದರೆ ಟಿಪ್ಪುವಿನ ಎಲ್ಲವೂ ಹಾಗಾಗಲಿಲ್ಲ. ಶ್ರೀರಂಗಪಟ್ಟಣದ ರಂಗನಾಥ, ಮೇಲುಕೋಟೆಯ ನಾರಾಯಣ, ಕಳಲೆಯ ಲಕ್ಷ್ಮೀಕಾಂತ ದೇವಾಲಯಗಳಿಗೆ ಅವನು ಬೆಳ್ಳಿಯ ಬಟ್ಟಲು, ಆರತಿ ಮೊದಲಾದ ಪೂಜೆಯ ಪಾತ್ರೆಗಳನ್ನು ಕೊಟ್ಟಿದ್ದ. ಕೊಟ್ಟವನ ಹೆಸರನ್ನು ಪಾತ್ರೆಯ ಮೇಲೇ ಕನ್ನಡದಲ್ಲಿ ಬರೆದಿದೆ. ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕದ ಮೈಸೂರು ಜಿಲ್ಲೆಯ ಸಂಪುಟಗಳಿಗೆ ಶಾಸನ ಸಂಗ್ರಹಿಸುವಾಗ ಕಲ್ಲು, ತಾಮ್ರಗಳ ಜೊತೆಗೆ ಇಂಥ ಪಾತ್ರೆಗಳ ಬರಹಗಳನ್ನೂ ಎತ್ತಿಕೊಂಡರು. ಅರಮನೆಯ ಚಿನ್ನ ಚೂರಾಯಿತು, ದೇವಾಲಯದ ಬೆಳ್ಳಿ ಉಳಿಯಿತು. ದೇವರಿಗೆ ಕೊಟ್ಟದ್ದು ಎಂಬ ಒಂದು ಸಾಲಿನ ಬರಹ ಲೋಹವನ್ನು ಕೊಳ್ಳೆಯ ತಕ್ಕಡಿಯಿಂದ ಆಚೆ ಇಟ್ಟಿತು.

ನಾಲ್ಕೇ ವರ್ಷಕ್ಕೆ ಸರದಿ ಜಾರ್ಜನದಾಯಿತು. 1803ರಲ್ಲಿ ನೆಪೋಲಿಯನ್ನನ ಸೈನ್ಯ ಹ್ಯಾನೋವರಿಗೆ ನುಗ್ಗಿತು. ಅರಮನೆಯ ಬೆಳ್ಳಿಯನ್ನು ಪೆಟ್ಟಿಗೆಗಳಿಗೆ ತುಂಬಿ ಇಂಗ್ಲೆಂಡಿಗೆ ಸಾಗಿಸಿದರು. ಊರಿಗೆ ಹೋಗದ ದೊರೆಯ ಬಳಿಗೆ ಊರಿನ ಬೆಳ್ಳಿಯೇ ಬಂತು. 1805ರಲ್ಲಿ ವಿಂಡ್ಸರ್ ಅರಮನೆಯ ಔತಣದಲ್ಲಿ ಆ ಬೆಳ್ಳಿ ಬಳಕೆಯಾಯಿತು. ಆಗ ಬ್ರಿಟನ್ನಿಗೂ ಯುದ್ಧದ ಖರ್ಚು ಭಾರವಾಗಿತ್ತು, ಕರಗಿಸಲು ನೆಪ ಇಲ್ಲದೆ ಇರಲಿಲ್ಲ. ಕರಗಿಸಲಿಲ್ಲ. ಹ್ಯಾನೋವರ್ ತನ್ನ ಕೈತಪ್ಪಿದ್ದಾಗ ಅದು ತನ್ನದೆನ್ನಲು ಜಾರ್ಜನ ಬಳಿ ಕಣ್ಣಿಗೆ ಕಾಣುವ ಸಾಕ್ಷಿ ಎಂದಿದ್ದದ್ದು ಅದೇ. ನೆಪೋಲಿಯನ್ ಸೋತ ಮೇಲೆ ಬೆಳ್ಳಿ ತವರಿಗೆ ಮರಳಿತು; 1814ರಲ್ಲಿ ಹ್ಯಾನೋವರ್ ರಾಜ್ಯದ ಪದವಿಗೇರಿತು.

1837ರಲ್ಲಿ ಮನೆ ಒಡೆಯಿತು. ಬ್ರಿಟನ್ನಿನಲ್ಲಿ ಹೆಣ್ಣು ಪಟ್ಟಕ್ಕೆ ಬರಬಹುದಿತ್ತು, ಹ್ಯಾನೋವರಿನ ಕಟ್ಟಳೆಯಲ್ಲಿ ವಂಶದ ಗಂಡು ಇರುವಾಗ ಬರುವಂತಿರಲಿಲ್ಲ. ವಿಕ್ಟೋರಿಯಾ ಲಂಡನ್ನಿನ ರಾಣಿಯಾದಳು. ಅವಳ ಚಿಕ್ಕಪ್ಪ ಅರ್ನ್‌ಸ್ಟ್ ಆಗಸ್ಟ್ ಹ್ಯಾನೋವರಿನ ರಾಜನಾದ. ಸಂವಿಧಾನವನ್ನು ರದ್ದು ಮಾಡಿ, ಅದನ್ನು ಪ್ರತಿಭಟಿಸಿದ ಗ್ಯೋಟಿಂಗನ್ನಿನ ಏಳು ಪ್ರಾಧ್ಯಾಪಕರನ್ನು, ಅವರಲ್ಲಿ ಗ್ರಿಮ್ ಸೋದರರೂ ಇದ್ದರು, ಹೊರಹಾಕಿದ ರಾಜ ಈತನೇ. ಒಳ್ಳೆಯ ಅರಸನೆಂದು ನಾನು ಹೇಳಲಾರೆ. ಆದರೆ ಬೆಳ್ಳಿಯ ಚರಿತ್ರೆಯಲ್ಲಿ ನಿರ್ಣಾಯಕ ಕೆಲಸ ಮಾಡಿದವನೂ ಇವನೇ. ಚಿಕ್ಕಪ್ಪನಿಗೂ ಅಣ್ಣನ ಮಗಳಿಗೂ ರಾಣಿ ಷಾರ್ಲೆಟ್‌ಳ ಒಡವೆಗಳ ವಿಷಯಕ್ಕೆ ಜಗಳ ಹತ್ತಿತ್ತು. ಅದು ಇಪ್ಪತ್ತು ವರ್ಷ ಎಳೆದಾಡಿ, ಅವನು ಸತ್ತ ಮೇಲೆ 1857ರಲ್ಲಿ ಹ್ಯಾನೋವರಿನ ಪರ ತೀರ್ಮಾನವಾಯಿತು. ಆಸ್ತಿ ಯಾರದೆಂದು ಬರೆದಿಡದಿದ್ದರೆ ಏನಾಗುತ್ತದೆಂದು 1837ರಲ್ಲೇ ಕಂಡ ಅವನು ಮನೆತನದ ಬೆಳ್ಳಿಯನ್ನು ಕುಲಾಸ್ತಿಯಾಗಿ ಕಟ್ಟಿಹಾಕಿದ. ಫಿಡೈಕೋಮಿಸ್ ಎಂಬುದು ಆಗಿನ ಜರ್ಮನ್ ಕಾನೂನಿನ ಒಂದು ಏರ್ಪಾಡು. ಯಜಮಾನ ಅನುಭವಿಸಬಹುದು, ಮಾರುವಂತಿಲ್ಲ, ಪಾಲು ಮಾಡುವಂತಿಲ್ಲ; ಇದ್ದದ್ದು ಇದ್ದಂತೆ ಮುಂದಿನವನಿಗೆ ಹೋಗಬೇಕು. ಪಾತ್ರೆಗಳ ಮೇಲೆ ಅವನ ಹೆಸರಿನ ಮೊದಲಕ್ಷರಗಳನ್ನೂ ಫಿಡೈಕೋಮಿಸ್ ಎಂಬುದರ ಸಂಕೇತಾಕ್ಷರಗಳನ್ನೂ ಕಿರೀಟದಡಿಯಲ್ಲಿ ಕೊರೆಸಲಾಯಿತು. ತೂಕದ ಅಂಕಿ ಮೊದಲೇ ಇತ್ತು. ಒಂದು ಬರಹ ಇದರ ಬೆಲೆ ಇಷ್ಟು ಎನ್ನುತ್ತದೆ. ಇನ್ನೊಂದು ಇದಕ್ಕೆ ಬೆಲೆ ಕಟ್ಟಬೇಡ ಎನ್ನುತ್ತದೆ.

ಅವನ ಮಗ ಐದನೆಯ ಜಾರ್ಜ್ ಹದಿಹರೆಯದಲ್ಲೇ ಪೂರ್ತಿ ಕುರುಡನಾಗಿದ್ದ. 1866ರ ಯುದ್ಧದಲ್ಲಿ ಆಸ್ಟ್ರಿಯದ ಪಕ್ಷ ಹಿಡಿದ. ಜೂನ್ 27ರಂದು ಲಾಂಗನ್‌ಸಾಲ್ಟ್ಸದಲ್ಲಿ ಅವನ ಸೈನ್ಯ ಗೆದ್ದಿತು, ಎರಡೇ ದಿನಕ್ಕೆ ಶರಣಾಯಿತು. ಪ್ರಷ್ಯ ಹ್ಯಾನೋವರನ್ನು ನುಂಗಿತು. ಮನೆತನದ ಹಣವನ್ನು ಬಿಸ್ಮಾರ್ಕ್ ಮುಟ್ಟುಗೋಲು ಹಾಕಿ ಪತ್ರಿಕೆಗಳನ್ನು ಕೊಂಡುಕೊಳ್ಳಲು ಬಳಸಿದ. ಬೆಳ್ಳಿ ಅವನ ಕೈಗೆ ಸಿಗಲಿಲ್ಲ. ಹೆರನ್‌ಹೌಸನ್ ಅರಮನೆಯ ನೆಲಮಾಳಿಗೆಯೊಂದರಲ್ಲಿ ಅದನ್ನು ತುಂಬಿ, ಸುಣ್ಣ, ಕಲ್ಲು ಮಣ್ಣು ಸುರಿದು ಮುಚ್ಚಿದ್ದರು. ಮುಂದೆ ಅದು ವಿಯೆನ್ನಾದಲ್ಲಿ ದೇಶಭ್ರಷ್ಟನಾಗಿದ್ದ ರಾಜನ ಬಳಿ ಸೇರಿತು. ಆ ಕಲ್ಲುಮಣ್ಣು ಹೊತ್ತವರು ಕೆಲಸದಾಳುಗಳು. ಮಾಲೀಕ ಓಡಿಹೋಗಿದ್ದ, ಹೊಸ ಸರ್ಕಾರ ಬಾಗಿಲಲ್ಲಿತ್ತು. ಬಾಯಿಬಿಟ್ಟಿದ್ದರೆ ಅವರಿಗೆ ಬಹುಮಾನ ಸಿಗುತ್ತಿತ್ತು. ಈ ಕಥೆಯುದ್ದಕ್ಕೂ ನಾನು ಅತ್ಯಂತ ಗೌರವದಿಂದ ನಿಲ್ಲುವ ಜಾಗ ಇದು.

ಜಾರ್ಜ್ 1878ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಅವನ ಮಗ, ಇನ್ನೊಬ್ಬ ಅರ್ನ್‌ಸ್ಟ್ ಆಗಸ್ಟ್, ಆಸ್ಟ್ರಿಯದ ಗ್ಮುಂಡನ್‌ನಲ್ಲಿ ನೆಲೆಸಿ ಹ್ಯಾನೋವರಿನ ಹಕ್ಕನ್ನು ಬಿಡದೆ ಬದುಕಿದ. 1913ರಲ್ಲಿ ಅವನ ಮಗನಿಗೂ ಜರ್ಮನ್ ಚಕ್ರವರ್ತಿಯ ಮಗಳಿಗೂ ಬರ್ಲಿನ್ನಿನಲ್ಲಿ ಮದುವೆಯಾಗಿ ಎರಡು ಮನೆಗಳ ಹಗೆ ತೀರಿತು. ಬ್ರಿಟನ್ನಿನ ದೊರೆಯೂ ರಷ್ಯದ ತ್ಸಾರನೂ ಆ ಮದುವೆಗೆ ಬಂದಿದ್ದರು. ಮರುವರ್ಷ ಯುದ್ಧ. 1918ರಲ್ಲಿ ಜರ್ಮನಿಯ ಎಲ್ಲ ಸಿಂಹಾಸನಗಳೂ ಉರುಳಿದವು. 1919ರಲ್ಲಿ ಬ್ರಿಟನ್ ಈ ಕುಟುಂಬದ ಬಿರುದನ್ನು ಕಿತ್ತುಕೊಂಡಿತು. ಅದೇ ವರ್ಷದ ವೈಮಾರ್ ಸಂವಿಧಾನ ಫಿಡೈಕೋಮಿಸ್‌ಗಳನ್ನು ವಿಸರ್ಜಿಸಬೇಕೆಂದು ಬರೆಯಿತು. ಗ್ಮುಂಡನ್‌ನ ಅರ್ನ್‌ಸ್ಟ್ ಆಗಸ್ಟ್ 1923ರಲ್ಲಿ ಸತ್ತ. ಆಮೇಲೆ ಬೆಳ್ಳಿಯ ದೊಡ್ಡ ಭಾಗ ವಿಯೆನ್ನಾದ ಗ್ಲುಕ್‌ಸೆಲಿಗ್ ಎಂಬ ವ್ಯಾಪಾರಿಗೆ ಮಾರಾಟವಾಯಿತು. ನೆಪೋಲಿಯನ್ ಮತ್ತು ಬಿಸ್ಮಾರ್ಕ್‌ರಿಂದ ಪಾರಾದ ಬೆಳ್ಳಿ ಮನೆಯವರ ಕೈಯಿಂದಲೇ ಹೊರಬಿತ್ತು.

ಇದೇ ಕುಟುಂಬದ ಇನ್ನೊಂದು ನಿಧಿ, ಬ್ರನ್ಸ್‌ವಿಕ್ ಚರ್ಚಿನ ಪವಿತ್ರ ಅವಶೇಷಗಳ ಕರಂಡಗಳು, 1929ರಲ್ಲಿ ಫ್ರಾಂಕ್‌ಫರ್ಟಿನ ಯಹೂದಿ ವ್ಯಾಪಾರಿಗಳಿಗೆ ಮಾರಾಟವಾಯಿತು. 82ರಲ್ಲಿ 42 ವಸ್ತುಗಳು 1935ರಲ್ಲಿ, ನಾಜಿ ಆಡಳಿತದಲ್ಲಿ, ಪ್ರಷ್ಯ ಸರ್ಕಾರಕ್ಕೆ ಹೋದವು. ಆ ಮಾರಾಟ ಸ್ವಇಚ್ಛೆಯದೋ ಬಲವಂತದ್ದೋ ಎಂಬ ವ್ಯಾಜ್ಯ 2021ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಅದು ಬೇರೆಯದೇ ಒಂದು ಉಪನ್ಯಾಸಕ್ಕೆ ಸಾಲುವ ನೋವಿನ ಕಥೆ. ಇಲ್ಲಿ ಮುಟ್ಟಿ ಮುಂದೆ ಹೋಗುತ್ತೇನೆ.

ಬೆರೆನ್ಸ್ ಮಾಡಿದ ತೂಗುದೀಪಗಳನ್ನು ಇಂದು ಕೇಂಬ್ರಿಜ್ ಬಳಿಯ ಆಂಗ್ಲ್‌ಸೀ ಅಬ್ಬಿಯಲ್ಲೂ ಅಮೆರಿಕದ ಬಾಸ್ಟನ್ನಿನ ಮ್ಯೂಸಿಯಂನಲ್ಲೂ ನೋಡಬಹುದು. ಓಗುಸ್ಟ್‌ನ ಊಟದ ಬೆಳ್ಳಿಯ ದೊಡ್ಡ ಪಾಲು ಇಂಗ್ಲೆಂಡಿನ ವಾಡೆಸ್ಡನ್ ಮ್ಯಾನರ್‌ನಲ್ಲಿದೆ. 1945ರಲ್ಲಿ, ಕುಟುಂಬ ವಾಸವಿದ್ದ ಬ್ಲಾಂಕನ್‌ಬರ್ಗ್ ರಷ್ಯನ್ನರ ವಲಯಕ್ಕೆ ಸೇರುವ ಮುಂಚೆ, ಬ್ರಿಟಿಷ್ ಸೈನ್ಯದ ಲಾರಿಗಳು ಅವರ ಬಳಿ ಉಳಿದಿದ್ದ ಸಾಮಾನುಗಳನ್ನು ಮರೀನ್‌ಬರ್ಗ್ ಕೋಟೆಗೆ ಸಾಗಿಸಿದವು. 2005ರ ಅಕ್ಟೋಬರಿನಲ್ಲಿ ಅಲ್ಲೇ ಹತ್ತು ದಿನಗಳ ಹರಾಜು ನಡೆದು ಸುಮಾರು 20,000 ವಸ್ತುಗಳು 4 ಕೋಟಿ 40 ಲಕ್ಷ ಯೂರೋಗಳಿಗೆ ಹೋದವು.

ಹರಾಜಾದದ್ದು ನಷ್ಟ ಎಂದು ಹಲವರು ಬೇಸರಪಡುತ್ತಾರೆ. ಒಂದು ಮೇಜಿಗೆಂದು ಹುಟ್ಟಿದ ತಟ್ಟೆಗಳು ನಾಲ್ಕು ದೇಶಗಳಿಗೆ ಹಂಚಿಹೋದದ್ದು ನನಗೂ ನೋವಿನ ಸಂಗತಿಯೇ. ಆದರೆ ಇಷ್ಟು ಹಂಚಿಹೋದರೂ ಪ್ರತಿ ತುಂಡಿನ ಜಾತಕವನ್ನು ಇವತ್ತು ಮತ್ತೆ ಜೋಡಿಸಲು ಆಗುತ್ತಿರುವುದು ಬೆನ್ನಿನ ಮೇಲಿನ ಆ ಬರಹಗಳಿಂದ. ದಾಸ್ತಾನಿನ ಸಂಖ್ಯೆ ಹಳೆಯ ಪಟ್ಟಿಗೆ ಒಯ್ಯುತ್ತದೆ, ತೂಕ ಅದೇ ಪಾತ್ರೆ ಎಂದು ಖಚಿತಪಡಿಸುತ್ತದೆ, ಕುಲಾಸ್ತಿಯ ಅಕ್ಷರ ಯಾವ ತಲೆಮಾರಿನದೆಂದು ಹೇಳುತ್ತದೆ. ಇವತ್ತು ಬೆಳ್ಳಿಯ ಬೆಲೆಗಿಂತ ಹತ್ತಾರು ಪಟ್ಟು ಹೆಚ್ಚು ಹಣ ಇವುಗಳಿಗೆ ಸಿಗುವುದು, ಇವುಗಳನ್ನು ಕರಗಿಸುವ ಯೋಚನೆ ಯಾರಿಗೂ ಬಾರದಿರುವುದು, ಆ ಬರಹಗಳನ್ನು ಓದಬಲ್ಲವರು ಇರುವುದರಿಂದ.

ಹಾಗಾಗಿ ಈ ವೇದಿಕೆಯಿಂದ ಒಂದು ಕೋರಿಕೆ ಮುಂದಿಡುತ್ತೇನೆ. ನಮ್ಮ ದೇವಾಲಯಗಳ ಉಗ್ರಾಣಗಳಲ್ಲಿ, ಮಠಗಳಲ್ಲಿ, ಹಳೆಯ ಪಾಳೆಯಗಾರರ ಮತ್ತು ಪಟೇಲರ ಮನೆಗಳಲ್ಲಿ ಬೆಳ್ಳಿಯ ಪಾತ್ರೆಗಳಿವೆ. ಮುಜರಾಯಿ ಇಲಾಖೆಯ ದಾಸ್ತಾನು ಪುಸ್ತಕದಲ್ಲಿ ಸಾಮಾನ್ಯವಾಗಿ ಸಿಗುವುದು ಹೆಸರು ಮತ್ತು ತೂಕ: ಬೆಳ್ಳಿ ಬಟ್ಟಲು, ಇಷ್ಟು ಗ್ರಾಂ. ಅದರ ಅಡಿಯಲ್ಲಿ ಏನು ಬರೆದಿದೆ, ಯಾರ ಸೇವೆ, ಯಾವ ಸಂವತ್ಸರ, ಆಗ ಕೊರೆದ ತೂಕ ಎಷ್ಟು, ಲಿಪಿ ಯಾವುದು ಎಂಬುದಕ್ಕೂ ಅದೇ ಪುಸ್ತಕದಲ್ಲಿ ಒಂದು ಕಾಲಂ ಸೇರಲಿ. ಪ್ರತಿ ಪಾತ್ರೆಯನ್ನೂ ಮಗುಚಿ, ಪಕ್ಕದಿಂದ ಬೆಳಕು ಬೀಳುವಂತೆ ಇಟ್ಟು, ಅಡಿಯ ಫೋಟೊ ತೆಗೆಯಲಿ. ಸವೆದ ಕೊರೆತ ಅಡ್ಡ ಬೆಳಕಿನಲ್ಲೇ ಕಾಣುವುದು. ಪುಡಿ ಹಾಕಿ ಉಜ್ಜುವುದಕ್ಕೆ ಮೊದಲೇ ಇದು ಆಗಬೇಕು, ಯಾಕೆಂದರೆ ಪ್ರತಿ ಸಲ ಉಜ್ಜಿದಾಗಲೂ ಅಕ್ಷರ ತುಸು ತೆಳುವಾಗುತ್ತದೆ. ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳು ಒಂದೊಂದು ತಾಲ್ಲೂಕನ್ನು ವಹಿಸಿಕೊಂಡರೆ ಕೆಲವೇ ವರ್ಷಗಳಲ್ಲಿ ಮುಗಿಯುವ ಕೆಲಸ. ಈ ಉಪನ್ಯಾಸಕ್ಕೆಂದು ಇಟ್ಟಿರುವ ದತ್ತಿಯ ಮುಂದಿನ ವರ್ಷಗಳ ಬಡ್ಡಿಯಲ್ಲಿ ಒಂದು ಪಾಲನ್ನು ಈ ಕೆಲಸಕ್ಕೆ ಎತ್ತಿಡಬಹುದೇ ಎಂದು ದಾನಿಗಳ ಮನೆಯವರನ್ನು ಕೇಳಿಕೊಳ್ಳುತ್ತೇನೆ. ಶುರುಮಾಡಲು ಮೇಲುಕೋಟೆ ಒಳ್ಳೆಯ ಊರು.